ರಿಂಕಿಗೆ ಬೀಗ ಯಾಕೆ, ವಿಷಲ್ ಹಿಡಿದ ಒಬ್ಬರನ್ನ ನಿಲ್ಸಿ ಸಾಕು

ಮಾನ್ಯ ಸಂಪಾದಕರೇ, ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪತ್ರದ ಕಾಲಂನಲ್ಲಿ ನಮ್ಮ ಬಡಾವಣೆಯವರೇ ಒಬ್ಬರು ಹಿರಿಯರು, ಪಾರ್ಕ್ ಒಳಗಿರೋ ಸ್ಕೇಟಿಂಗ್ ರಿಂಕನ್ನ, ಅಂದ್ರೆ ಮಕ್ಕಳು ಕಾಲಿಗೆ ಗಾಲಿ ಸ್ಕೇಟ್ಸ್ ಕಟ್ಕೊಂಡು ಸುತ್ತೋ ಸಿಮೆಂಟ್ ಅಂಗಳಾನ, ಮುಚ್ಚಿಬಿಡಿ ಅಂತ ಬರೆದಿದ್ರು. ಮಕ್ಕಳು ಬಿದ್ದು ಕೈಕಾಲು ಮುರ್ಕೊಳ್ತವೆ, ಸಂಜೆ ಆಯ್ತು ಅಂದ್ರೆ ಪುಂಡ ಹುಡುಗರು ಸೇರ್ತಾರೆ, ಗಲಾಟೆ ಕೇಳಕ್ಕಾಗಲ್ಲ, ಆ ಜಾಗದಲ್ಲಿ ಓಪನ್ ಜಿಮ್ಮೋ ಪಾರ್ಕಿಂಗೋ ಮಾಡ್ಲಿ ಅಂತ. ಅವರು ಬರೆದಿರೋದರಲ್ಲಿ ಅರ್ಧ ನಿಜ, ಅದನ್ನ ನಾನು ಅಲ್ಲಗಳೆಯಲ್ಲ. ನನ್ನ ಮಗಳು ಮತ್ತೆ ನನ್ನ ತಂಗಿ ಮಗ ಇಬ್ರೂ ಅದೇ ರಿಂಕಲ್ಲಿ ಆಡೋದು, ವಾರದಲ್ಲಿ ಎಷ್ಟೋ ಸಂಜೆ ನಾನು ಅಲ್ಲೇ ಕಲ್ಲು ಬೆಂಚ್ ಮೇಲೆ ಕೂತಿರ್ತೀನಿ, ಹಾಗಾಗಿ ಉಳಿದ ಅರ್ಧ ಏನು ಅಂತ ನಾನೂ ಬರೀಬಹುದು ಅನ್ಕೊಂಡೆ. ಯಾವ ಪಾರ್ಕು ಯಾವ ವಾರ್ಡು ಅಂತ ಹೆಸರು ಹಾಕ್ತಿಲ್ಲ, ಹಾಕಿದ್ರೆ ಮೇಲಿನವರು ಯಾರೂ ಅಲುಗಾಡಲ್ಲ, ಪಾಪ ಆ ಒಬ್ಬ ವಾಚ್‌ಮನ್ ತಾತನ ಕೆಲಸ ಹೋಗತ್ತೆ ಅಷ್ಟೇ.

ಇನ್ನೊಂದು ವಿಷಯ ಮೊದಲೇ ಹೇಳ್ಬಿಡ್ತೀನಿ, ನಾನು ಕೆಲಸ ಮಾಡೋದು ಒಬ್ಬ ಮೂಳೆ ಡಾಕ್ಟರ ಕ್ಲಿನಿಕ್ಕಲ್ಲಿ, ರಿಸೆಪ್ಷನ್ನಲ್ಲಿ. ಬೆಳಗ್ಗೆಯಿಂದ ಪ್ಲಾಸ್ಟರ್ ಹಾಕ್ಕೊಂಡೋರನ್ನೇ ನೋಡ್ತಿರ್ತೀನಿ. ನಮ್ಮಲ್ಲಿಗೆ ಬರೋರಲ್ಲಿ ಬೈಕಿಂದ ಬಿದ್ದೋರು, ಬಾತ್‌ರೂಮಲ್ಲಿ ಜಾರಿ ಬಿದ್ದ ಅಜ್ಜ ಅಜ್ಜಿಯರು ಇವರೇ ಜಾಸ್ತಿ, ಹಾಗಂತ ಬಾತ್‌ರೂಮ್ ಮುಚ್ಚಿ ಅಂತ ಯಾರೂ ಪೇಪರಿಗೆ ಬರೆಯಲ್ಲ. ಸ್ಕೇಟಿಂಗ್ ಮಕ್ಕಳೂ ಬರ್ತಾವೆ, ಇಲ್ಲ ಅನ್ನಲ್ಲ, ಬಂದೋರದ್ದು ಹೆಚ್ಚಿನದು ಮಣಿಕಟ್ಟೇ. ಬೀಳೋವಾಗ ಯಾರಿಗೇ ಆಗ್ಲಿ ಕೈ ತಾನಾಗೇ ನೆಲಕ್ಕೆ ಚಾಚತ್ತೆ, ಮೈ ಭಾರ ಪೂರ್ತಿ ಆ ಒಂದು ಜಾಗಕ್ಕೆ ಬೀಳತ್ತೆ. ಆದ್ರೆ ಆ ಮಕ್ಕಳ ಅಪ್ಪ ಅಮ್ಮನ್ನ ಹೇಗಾಯ್ತು ಅಂತ ಕೇಳಿ ನೋಡಿ, ಸುಮ್ನೆ ಸ್ಕೇಟಿಂಗ್ ಮಾಡ್ತಾ ಬಿದ್ದ ಅಂತ ಹೇಳೋರು ಕಮ್ಮಿ. ಹಿಂದಿಂದ ಯಾರೋ ದೊಡ್ಡ ಹುಡುಗ ಬಂದು ಗುದ್ದಿದ, ಎದುರುಗಡೆಯಿಂದ ಉಲ್ಟಾ ಬಂದ್ರು, ವೀಲು ಗುಂಡಿಗೆ ಸಿಕ್ಕಾಕ್ಕೊಳ್ತು, ಇದೇ ಮಾತು. ಈ ಮೂರೂ ಸ್ಕೇಟಿಂಗಿನ ತಪ್ಪಲ್ಲ ಸ್ವಾಮಿ, ರಿಂಕನ್ನ ನೋಡ್ಕೊಳ್ಳೋರು ಯಾರೂ ಇಲ್ಲದೇ ಇರೋದರ ತಪ್ಪು.

ಗುಂಡಿ ಅಂದೆನಲ್ಲ, ಅದರ ಕಥೆ ಕೇಳಿ. ನಮ್ಮ ರಿಂಕಿನ ನೆಲ ಕಟ್ಟಿದಾಗ ಚೆನ್ನಾಗೇ ಇತ್ತು, ಸಿಮೆಂಟ್ ಕಾಂಕ್ರೀಟ್ ಹಾಕಿ ನೈಸಾಗಿ ಉಜ್ಜಿದ ನೆಲ. ಆದ್ರೆ ಅಷ್ಟು ಅಗಲ ಇರೋ ಖಾಲಿ ಜಾಗ ನಮ್ಮ ಏರಿಯಾದಲ್ಲಿ ಬೇರೆ ಇಲ್ಲ, ಹಾಗಾಗಿ ಗಣೇಶ ಹಬ್ಬಕ್ಕೆ ಆರ್ಕೆಸ್ಟ್ರಾ ಅಲ್ಲೇ, ರಾಜ್ಯೋತ್ಸವ ಅಲ್ಲೇ, ಯಾರದ್ದೋ ಬರ್ತ್‌ಡೇಗೆ ಸನ್ಮಾನ ಸಮಾರಂಭ ಅದೂ ಅಲ್ಲೇ. ಒಂದೊಂದು ಪ್ರೋಗ್ರಾಮಿಗೂ ಶಾಮಿಯಾನದವರು ಬಂದು ಕಬ್ಬಿಣದ ಗೂಟ ಹೊಡೀತಾರೆ, ಸುತ್ತಿಗೇಲಿ ಹೊಡೆದು ಹೊಡೆದು ಆ ನೆಲಕ್ಕೆ ಹೆಬ್ಬೆರಳು ಹೋಗೋವಷ್ಟು ತೂತು, ಅದರ ಸುತ್ತ ಅಂಗೈಯಗಲ ಸಿಮೆಂಟ್ ಎದ್ದು ಬಂದಿರತ್ತೆ. ಪ್ರೋಗ್ರಾಮ್ ಮುಗಿದ ಮೇಲೆ ಗೂಟ ಕಿತ್ಕೊಂಡು ಹೋಗ್ತಾರೆ, ತೂತಿಗೆ ಯಾರೋ ಪುಣ್ಯಾತ್ಮರು ಮಣ್ಣು ತುಂಬಿರ್ತಾರೆ, ಮೊದಲ ಮಳೆಗೆ ಅದು ಕೊಚ್ಕೊಂಡು ಹೋಗತ್ತೆ. ದೊಡ್ಡ ಹುಡುಗರ ಇನ್‌ಲೈನ್ ಸ್ಕೇಟಿಗೆ, ಅಂದ್ರೆ ವೀಲುಗಳು ಒಂದರ ಹಿಂದೆ ಒಂದು ಒಂದೇ ಸಾಲಲ್ಲಿರೋ ಸ್ಕೇಟಿಗೆ, 100, 110 ಎಂಎಂ ವೀಲ್ ಇರೋದ್ರಿಂದ ಅದು ಆ ಗುಂಡಿ ದಾಟ್ಕೊಂಡು ಹೋಗತ್ತೆ, ಆದ್ರೆ ಈಗ ತಾನೇ ಕಲೀತಿರೋ ಚಿಕ್ಕ ಮಕ್ಕಳು ಹಾಕ್ಕೊಳ್ಳೋದು ಎರಡು ಮುಂದೆ ಎರಡು ಹಿಂದೆ ಇರೋ ಕ್ವಾಡ್ ಸ್ಕೇಟು, ಅದರ ವೀಲು 60 ಎಂಎಂ ಸುತ್ತಮುತ್ತ, ಅದು ಗುಂಡಿಗೆ ಇಳೀತು ಅಂದ್ರೆ ಸ್ಕೇಟು ನಿಂತೇಬಿಡತ್ತೆ, ಮಗು ಮಾತ್ರ ಮುಂದಕ್ಕೆ ಹೋಗತ್ತೆ. ಅಂದ್ರೆ ಗುಂಡಿ ಹೊಡೆಯೋರು ಯಾರೋ, ಬೀಳೋದು ಮಾತ್ರ ಎಲ್ಲರಿಗಿಂತ ಚಿಕ್ಕೋರು.

ಇದು ಸಾಲದು ಅಂತ ಒಂದ್ಸಲ ಯಾರೋ ದೊಡ್ಡೋರು ಬರ್ತಾರೆ ಅಂತ ಇಡೀ ನೆಲಕ್ಕೆ ಪಳಪಳ ಹೊಳೆಯೋ ಆಯಿಲ್ ಪೇಂಟ್ ಬಳಿದ್ರು. ನೋಡಕ್ಕೆ ಬಹಳ ಚಂದ, ಫೋಟೋನೂ ಬಂತು. ಆಮೇಲೆ ಒಂದು ವಾರ ಮಕ್ಕಳು ಮೂಲೆ ತಿರುಗೋವಾಗ ಸಾಲು ಸಾಲಾಗಿ ಜಾರಿ ಬಿದ್ವು. ಈಗಿನ ಸ್ಕೇಟ್ ವೀಲುಗಳು ಪಾಲಿಯುರೆಥೇನ್ ಅನ್ನೋ ಒಂಥರಾ ಗಟ್ಟಿ ಪ್ಲಾಸ್ಟಿಕ್ಕು, ಅದಕ್ಕೆ ನೆಲದಲ್ಲಿ ಒಂಚೂರು ಹಿಡಿತ ಬೇಕು, ಪೇಂಟು ಆ ಹಿಡಿತವನ್ನೇ ಮುಚ್ಚಿಬಿಡತ್ತೆ, ಮೇಲಿಂದ ನಾಲ್ಕು ಹನಿ ಮಳೆ ಬಿದ್ರಂತೂ ಕೇಳೋದೇ ಬೇಡ. ಒಳಾಂಗಣದ ರಿಂಕಿಗೆ ಗಟ್ಟಿ ವೀಲು, ಹೊರಗಿನ ಒರಟು ನೆಲಕ್ಕೆ ಮೆತ್ತಗಿರೋ ವೀಲು ಅಂತ ಬೇರೆ ಬೇರೆನೇ ಬರತ್ತೆ, ಅಂಗಡಿಯೋರಿಗೇ ಎಷ್ಟೋ ಸಲ ಗೊತ್ತಿರಲ್ಲ, ಪೇಂಟ್ ಬಳಿಯೋ ಗುತ್ತಿಗೆದಾರರಿಗೆ ಎಲ್ಲಿಂದ ಗೊತ್ತಾಗ್ಬೇಕು. ಕೇಳೋರು ಇದ್ದಿದ್ರೆ ತಾನೇ ಹೇಳಕ್ಕೆ. ಪಕ್ಕದಲ್ಲಿ ಒಂದು ನೇರಳೆ ಮರ ಇದೆ, ಹಣ್ಣಿನ ಸೀಸನ್ನಲ್ಲಿ ಆ ಮೂಲೆ ಪೂರ್ತಿ ನೀಲಿ ನೀಲಿ ಲೊಳೆ, ಗೊತ್ತಿರೋರು ಆ ಕಡೆ ಹೋಗಲ್ಲ, ಹೊಸಬರು ಹೋಗಿ ಬೀಳ್ತಾರೆ. ಮರ ಕಡೀರಿ ಅಂತ ಯಾರೂ ಹೇಳ್ಬೇಡಿ ಮತ್ತೆ, ಬೆಳಗ್ಗೆ ಒಂದ್ಸಲ ಸಂಜೆ ಒಂದ್ಸಲ ಗುಡಿಸಿ ನೀರು ಹಾಕಿ ಒರೆಸಿದ್ರೆ ಮುಗೀತು.

ಈಗ ಗುದ್ದೋ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನನ್ನ ಪ್ರಕಾರ ಮುಖ್ಯವಾದದ್ದೇ ಇದು. ಸಂಜೆ ಐದೂವರೆಯಿಂದ ಏಳೂವರೆವರೆಗೆ ಆ ರಿಂಕಲ್ಲಿ ಯಾರ್ಯಾರು ಇರ್ತಾರೆ ಅಂತ ನೋಡಿ. ಮಧ್ಯದಲ್ಲಿ ಕೋನ್ ಇಟ್ಕೊಂಡು ಒಬ್ಬ ಸರ್ ಬ್ಯಾಚ್ ನಡೆಸ್ತಿರ್ತಾರೆ, ಇನ್ನೊಂದು ತುದೀಲಿ ಇನ್ನೊಬ್ಬ ಸರ್ ಬ್ಯಾಚು, ಇವರಿಬ್ಬರಿಗೂ ಮಾತಿಲ್ಲ. ಸುತ್ತಾ ಹೊರಗಿನ ಲೈನಲ್ಲಿ ಸ್ಪೀಡ್ ಹುಡುಗರು ಬಗ್ಗಿಕೊಂಡು ಸುಯ್ಯಂತ ಹೋಗ್ತಿರ್ತಾರೆ. ಕಂಬಿ ಹಿಡ್ಕೊಂಡು ಮೂರು ನಾಲ್ಕು ವರ್ಷದ ಮಕ್ಕಳು, ಅವರ ಜೊತೆ ಚಪ್ಪಲಿ ಹಾಕ್ಕೊಂಡೇ ರಿಂಕ್ ಒಳಗೆ ಓಡಾಡೋ ಅಮ್ಮಂದಿರು ಅಜ್ಜಂದಿರು. ನಡುವೆ ಒಂದು ಕ್ರಿಕೆಟ್ ಬಾಲು. ಕೆಲವೊಮ್ಮೆ ಒಂದು ನಾಯಿ. ಕಂಬಿ ಹಿಡ್ಕೊಂಡು ಕಲಿಯೋ ಮಗು ಇರೋದೂ ಹೊರಗಿನ ಲೈನಲ್ಲೇ, ಸ್ಪೀಡ್ ಹುಡುಗರು ಬರೋದೂ ಹೊರಗಿನ ಲೈನಲ್ಲೇ, ಗುದ್ದದೇ ಇನ್ನೇನಾಗತ್ತೆ ಹೇಳಿ.

ಸ್ಪೀಡ್ ಅಂದ್ರೆ ಎಷ್ಟು ಅಂತ ಸ್ಕೇಟಿಂಗ್ ನೋಡದೇ ಇರೋರಿಗೆ ಅಂದಾಜು ಸಿಗಲ್ಲ. ಚೆನ್ನೈನ ಆನಂದ್‌ಕುಮಾರ್ ವೇಲ್‌ಕುಮಾರ್ 2025ರಲ್ಲಿ ಚೀನಾದಲ್ಲಿ ನಡೆದ ವರ್ಲ್ಡ್ ಚಾಂಪಿಯನ್‌ಶಿಪ್ಪಲ್ಲಿ 1000 ಮೀಟರ್ ಗೆದ್ದ, ಸ್ಪೀಡ್ ಸ್ಕೇಟಿಂಗಲ್ಲಿ ನಮ್ಮ ದೇಶಕ್ಕೆ ಮೊದಲ ವಿಶ್ವ ಚಾಂಪಿಯನ್, ಟೈಮು 1 ನಿಮಿಷ 24.9 ಸೆಕೆಂಡು. ಲೆಕ್ಕ ಹಾಕಿ, ಗಂಟೆಗೆ 42 ಕಿಲೋಮೀಟರ್ ಆಯ್ತು, ನಮ್ಮ ರೋಡಲ್ಲಿ ಸ್ಕೂಟರು ಅಷ್ಟು ಹೋಗಲ್ಲ. ಅದಕ್ಕೂ ಮುಂಚೆ 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ ನಮ್ಮ ಹುಡುಗರೂ ಹುಡುಗೀರೂ 3000 ಮೀಟರ್ ರಿಲೇಲಿ ಕಂಚು ತಂದ್ರು. (ಹುಡುಗರ ಆ ರೇಸು ನೆನಪಿರಬಹುದು, ಕೊರಿಯಾದವನು ಗೆದ್ದೇಬಿಟ್ಟೆ ಅಂತ ಕೈ ಮೇಲೆತ್ತಿದ, ಅಷ್ಟರಲ್ಲಿ ತೈವಾನಿನವನು ಕಾಲು ಚಾಚಿ 0.01 ಸೆಕೆಂಡಲ್ಲಿ ಚಿನ್ನ ಹೊಡ್ಕೊಂಡು ಹೋದ, ಆ ವಿಡಿಯೋ ನೋಡಿದೋರೆಲ್ಲ ಅವರಿಬ್ಬರನ್ನೇ ನೋಡಿದ್ರು, ಅದೇ ರೇಸಲ್ಲಿ ಮೂರನೇದಾಗಿ ಬಂದೋರು ನಮ್ಮೋರು ಅಂತ ಎಷ್ಟು ಜನಕ್ಕೆ ಗೊತ್ತು.) ಇವೆಲ್ಲ ಆದ್ಮೇಲೆ ನಮ್ಮ ರಿಂಕಿಗೂ ಬ್ಯಾಚಿಗೆ ಸೇರೋ ಮಕ್ಕಳು ಜಾಸ್ತಿ ಆದ್ರು, ಸಂತೋಷನೇ. ಆದ್ರೆ ಅಂಥ ಸ್ಪೀಡ್ ಸ್ಕೇಟಿಂಗ್ ಮಾಡೋದು 200 ಮೀಟರಿನ ಟ್ರ್ಯಾಕಲ್ಲಿ, ತಿರುವಲ್ಲಿ ನೆಲ ವಾರೆಯಾಗಿ ಎತ್ತರ ಮಾಡಿರ್ತಾರೆ, ಎಲ್ಲರೂ ಒಂದೇ ದಿಕ್ಕು. ನಮ್ಮದು ಪಾರ್ಕ್ ಮೂಲೇಲಿರೋ ಚಪ್ಪಟೆ ಸಿಮೆಂಟ್ ನೆಲ. ಅಲ್ಲಿ ಆ ವೇಗದಲ್ಲಿ ಅರ್ಧ ಹೋದ್ರೂ ನಾಲ್ಕು ವರ್ಷದ ಮಗು ಅಡ್ಡ ಬಂದಾಗ ನಿಲ್ಸಕ್ಕಾಗಲ್ಲ. ರೇಸಿಂಗ್ ಇನ್‌ಲೈನಲ್ಲಿ ಬ್ರೇಕ್ ಇರೋದೇ ಇಲ್ಲ ಅನ್ನೋದು ಎಷ್ಟೋ ಅಪ್ಪ ಅಮ್ಮಂದಿರಿಗೆ ಗೊತ್ತಿಲ್ಲ, ಕ್ವಾಡಲ್ಲಿ ಮುಂದುಗಡೆ ರಬ್ಬರ್ ಟೋ ಸ್ಟಾಪರ್ ಇರತ್ತೆ, ಸಾದಾ ಇನ್‌ಲೈನಲ್ಲಿ ಒಂದು ಕಾಲಿನ ಹಿಮ್ಮಡಿ ಹತ್ರ ಬ್ರೇಕ್ ಇರತ್ತೆ, ರೇಸಿಂಗಿನದ್ದಕ್ಕೆ ಕಾಲು ಅಡ್ಡ ಎಳೆದೇ ನಿಲ್ಸಬೇಕು. ಈ ಬ್ರೇಕಿನ ಸಮಸ್ಯೆ ಇವತ್ತಿನದ್ದೂ ಅಲ್ಲ ಬಿಡಿ, 1760ರ ದಶಕದಲ್ಲಿ ಲಂಡನ್ನಲ್ಲಿ ಮರ್ಲಿನ್ ಅಂತ ಒಬ್ಬ ಕುಶಲಕರ್ಮಿ ಸ್ಕೇಟ್ಸ್ ಕಟ್ಕೊಂಡು ಪಿಟೀಲು ನುಡಿಸ್ತಾ ಪಾರ್ಟಿಗೆ ಎಂಟ್ರಿ ಕೊಟ್ಟು, ನಿಲ್ಸಕ್ಕೂ ಬರದೆ ತಿರುಗಿಸಕ್ಕೂ ಬರದೆ ಸೀದಾ ಹೋಗಿ ಅಲ್ಲಿದ್ದ ದೊಡ್ಡ ಕನ್ನಡಿಗೆ ಗುದ್ದಿದ ಅಂತ ಕಥೆ ಇದೆ. ತಿರುಗಕ್ಕಾಗೋ ಸ್ಕೇಟು ಬಂದಿದ್ದು 1863ರಲ್ಲಿ, ಅಮೆರಿಕದ ಪ್ಲಿಂಪ್ಟನ್ ಮಾಡಿದ್ದು.

ಅಮೆರಿಕ ಅಂದಾಗ ಹೇಳ್ತೀನಿ, ನಮ್ಮ ದೊಡ್ಡಪ್ಪನ ಮಗ ಅಣ್ಣ ಮಿಶಿಗನ್‌ನಲ್ಲಿದಾನೆ, ಅಲ್ಲಿ ಮಕ್ಕಳ ಬರ್ತ್‌ಡೇ ಅಂದ್ರೆ ಸ್ಕೇಟಿಂಗ್ ರಿಂಕಿಗೆ ಹೋಗೋದು ಮಾಮೂಲು. ಅವನ ಹತ್ರ ಈ ಗುದ್ದಾಟದ ಕಥೆ ಹೇಳಿದ್ದಕ್ಕೆ ಅವನು ಕೇಳಿದ ಮೊದಲ ಪ್ರಶ್ನೆನೇ, ಫ್ಲೋರ್ ಗಾರ್ಡ್ ಏನ್ ಮಾಡ್ತಿದ್ದ ಅಂತ. ಅಲ್ಲಿ ರಿಂಕ್ ನಡೀತಿರೋವಾಗ ನೆಲದ ಮೇಲೆ ಸ್ಕೇಟ್ಸ್ ಹಾಕ್ಕೊಂಡು ವಿಷಲ್ ಕತ್ತಿಗೆ ನೇತಾಕ್ಕೊಂಡು ಒಬ್ಬರು ಸುತ್ತುತಾನೇ ಇರ್ತಾರಂತೆ. ಮಿಶಿಗನ್‌ನಲ್ಲಿ 1988ರಲ್ಲೇ ರೋಲರ್ ಸ್ಕೇಟಿಂಗಿಗೇ ಅಂತ ಒಂದು ಸುರಕ್ಷತಾ ಕಾಯ್ದೆ ಆಗಿದೆ, ಹೆಚ್ಚುಕಮ್ಮಿ 200 ಜನ ಸ್ಕೇಟ್ ಮಾಡೋರಿಗೆ ಒಬ್ಬರಾದ್ರೂ ಫ್ಲೋರ್ ಗಾರ್ಡ್ ಇರಲೇಬೇಕು ಅಂತ ಅದರಲ್ಲೇ ಬರೆದಿದೆ. ಅದೇ ಕಾಯ್ದೇಲಿ ಸ್ಕೇಟ್ ಮಾಡೋರಿಗೂ ಜವಾಬ್ದಾರಿ ಇದೆ, ತನ್ನ ವೇಗ ತನ್ನ ಹತೋಟೀಲಿ ಇಟ್ಕೊಳ್ಬೇಕು, ಸುತ್ತಮುತ್ತ ನೋಡ್ಕೊಂಡು ಹೋಗ್ಬೇಕು, ತನಗೆ ಎಷ್ಟು ಬರತ್ತೋ ಅಷ್ಟರಲ್ಲೇ ಇರ್ಬೇಕು ಅಂತ. ಬಿದ್ದೋರೆಲ್ಲ ರಿಂಕಿನವರ ಮೇಲೆ ಕೇಸ್ ಹಾಕೋ ಹಾಗಿಲ್ಲ, ರಿಂಕಿನವರೂ ಕೈ ತೊಳ್ಕೊಳ್ಳೋ ಹಾಗಿಲ್ಲ. ನಮಗೆ ಕಾಯ್ದೆ ಗೀಯ್ದೆ ಬೇಡ, ನಮ್ಮ ರಿಂಕಲ್ಲಿ ಜಾತ್ರೆ ಅನ್ಸೋ ದಿನಾನೂ ನಲವತ್ತು ಐವತ್ತು ಜನ ಮೀರಲ್ಲ. ಒಬ್ಬರು ಸಾಕು. ಆ ಒಬ್ಬರು ಇಲ್ಲ.

ಬದಲಿಗೆ ಏನಿದೆ ಅಂದ್ರೆ ಬೋರ್ಡಿದೆ. ಗೇಟ್ ಹತ್ರ ನಿಯಮಗಳು ಅಂತ ಹದಿನಾರು ಸಾಲಿನ ಬೋರ್ಡು, ಅದರಲ್ಲಿ ಉಗುಳಬಾರದು, ಹೂ ಕೀಳಬಾರದು, ಜೋಡಿಗಳು ಅಸಭ್ಯವಾಗಿ ವರ್ತಿಸಬಾರದು ಎಲ್ಲ ಇದೆ. ಯಾವ ದಿಕ್ಕಲ್ಲಿ ಸುತ್ತಬೇಕು ಅನ್ನೋದು ಮಾತ್ರ ಇಲ್ಲ. ಸ್ಕೇಟಿಂಗ್ ನಡೆಯೋ ಕಡೆಯಲ್ಲೆಲ್ಲ ಗಡಿಯಾರದ ಮುಳ್ಳಿಗೆ ಉಲ್ಟಾ, ಅಂದ್ರೆ ಎಡಕ್ಕೆ ತಿರುಗ್ತಾ ಹೋಗೋದು ರೂಢಿ, ನೆಲದ ಮೇಲೆ ನಾಲ್ಕು ಬಾಣದ ಗುರುತು ಬಳಿದಿದ್ರೆ ಬಂದ ಮೊದಲ ದಿನವೇ ಮಗುವಿಗೂ ಅರ್ಥ ಆಗತ್ತೆ. ಆಯಿಲ್ ಪೇಂಟ್ ಇಡೀ ನೆಲಕ್ಕೆ ಬಳಿಯಕ್ಕೆ ದುಡ್ಡಿತ್ತು, ಬಾಣಕ್ಕೆ ಇಲ್ಲ.

ಮತ್ತೆ ಆಕ್ಸಿಡೆಂಟ್ ಆದಾಗ ಏನಾಗತ್ತೆ ಅದನ್ನೂ ಹೇಳ್ಬೇಕು. ಮಳೆಗಾಲಕ್ಕೆ ಮುಂಚೆ ಒಂದು ಸಂಜೆ ಏಳೆಂಟು ವರ್ಷದ ಹುಡುಗಿಗೆ ಹಿಂದಿಂದ ಗುದ್ದಿ ಬಿದ್ಲು, ಕೈ ನೋಡಿದ್ರೇ ಗೊತ್ತಾಗ್ತಿತ್ತು, ಮಣಿಕಟ್ಟಿನ ಮೇಲೆ ಚಮಚದ ಹಿಡಿ ಥರ ಬಗ್ಗಿತ್ತು. ಸುತ್ತ ಜನ ಸೇರಿ ಒಬ್ಬರು ಎಬ್ಬಿಸಕ್ಕೆ ಅದೇ ಕೈ ಹಿಡ್ಕೊಂಡು ಎಳೆಯಕ್ಕೆ ಹೋದ್ರು, ಇನ್ನೊಬ್ಬರು ಎಣ್ಣೆ ಹಚ್ಚಿ ನೀವಿದ್ರೆ ಸರಿ ಹೋಗತ್ತೆ ಅಂದ್ರು. ನಾನು ಎದ್ದು ಹೋಗೋ ಅಷ್ಟರಲ್ಲಿ ವಾಕಿಂಗ್ ಬಂದಿದ್ದ ಒಬ್ಬರು ಯಜಮಾನರು ಎಲ್ಲರನ್ನೂ ಗದರಿಸಿ ದೂರ ಕಳ್ಸಿ, ಕಂಕುಳಲ್ಲಿದ್ದ ಪೇಪರ್ ತೆಗೆದು ದಪ್ಪಕ್ಕೆ ಮಡಚಿ ಕೈ ಕೆಳಗೆ ಕೊಟ್ಟು, ಯಾರದ್ದೋ ವೇಲ್ ಇಸ್ಕೊಂಡು ಮೇಲೆ ಕೆಳಗೆ ಕಟ್ಟಿ ಕತ್ತಿಗೆ ನೇತು ಹಾಕಿದ್ರು. ಕೈ ಅಲುಗಾಡದ ಹಾಗೆ ಇರಬೇಕು ಅಷ್ಟೇ, ಎಳೆಯೋದು ತಿಕ್ಕೋದು ಏನೂ ಕೂಡದು, ಅವರು ಮಾಡಿದ್ದು ನೂರಕ್ಕೆ ನೂರು ಸರಿ. (ಸಂಪಾದಕರೇ, ಅದು ನಿಮ್ಮದೇ ಪೇಪರು, ಸಪ್ಲಿಮೆಂಟ್ ಇದ್ದ ದಿನವಾದ್ರಿಂದ ದಪ್ಪ ಇತ್ತು.) ಆಟೋ ಬಂತು, ಆದ್ರೆ ರಿಂಕ್ ಕಡೆಯ ಗೇಟಿಗೆ ಬೀಗ, ಬೀಗದ ಕೀ ವಾಚ್‌ಮನ್ ತಾತನ ಹತ್ರ, ತಾತ ಆ ಕಡೆಯ ಪಂಪ್ ಹೌಸಲ್ಲಿ, ಫೋನ್ ಎತ್ತಲ್ಲ. ಕೊನೆಗೆ ಮಗೂನ ಎತ್ಕೊಂಡು ಇಡೀ ಪಾರ್ಕ್ ಸುತ್ತಿ ಮುಂದಿನ ಗೇಟಿಗೆ ಬಂದ್ರು. ಗೇಟಿಗೆ ಬೀಗ ಯಾಕೆ ಅಂದ್ರೆ ಪುಂಡರು ಬರಬಾರದು ಅಂತ. ಪುಂಡರು ಕಾಂಪೌಂಡ್ ಹಾರಿ ಬರ್ತಾರೆ ಸ್ವಾಮಿ, ಹಾರಕ್ಕಾಗದೇ ಇರೋದು ಕೈ ಮುರಿದ ಮಗುವಿಗೆ ಮಾತ್ರ.

ಇನ್ನು ಪುಂಡರ ವಿಷಯ. ಹಿರಿಯರು ಬರೆದ ಆ ಬೆಂಚ್ ಹುಡುಗರನ್ನ ನಾನೂ ನೋಡ್ತೀನಿ. ಅವರಲ್ಲಿ ಎರಡು ಥರ ಇದಾರೆ. ಒಂದು, ಸ್ಕೇಟಿಂಗಿಗೆ ಸಂಬಂಧಾನೇ ಇಲ್ಲದೋರು, ಸಿಗರೇಟ್ ಹಚ್ಕೊಂಡು, ಸ್ಪೀಕರಲ್ಲಿ ಹಾಡು ಹಾಕ್ಕೊಂಡು, ಹುಡುಗೀರು ಸುತ್ತು ಹೊಡೆದು ಆ ಕಡೆ ಬಂದಾಗೆಲ್ಲ ಮೊಬೈಲ್ ಎತ್ತಿ ವಿಡಿಯೋ ಮಾಡೋರು. ಕೇಳಿದ್ರೆ ರೀಲ್ಸ್ ಮಾಡ್ತಿದೀವಿ ಆಂಟಿ ಅಂತಾರೆ. ಇದರ ಪರಿಣಾಮ ಏನು ಅಂತ ಬೆಂಚ್ ಮೇಲೆ ಕೂತ್ರೆ ಕಣ್ಣಿಗೆ ಹೊಡೆಯೋ ಹಾಗೆ ಕಾಣತ್ತೆ: ಹತ್ತು ಹನ್ನೊಂದು ವರ್ಷದವರೆಗೆ ಹುಡುಗೀರು ಹುಡುಗರು ಸರಿಸಮ ಇರ್ತಾರೆ, ಅದರ ಮೇಲಿನ ಹುಡುಗೀರು ಸಂಜೆ ಹೊತ್ತಲ್ಲಿ ಇಲ್ಲವೇ ಇಲ್ಲ. ಯಾರೂ ಜಗಳ ಆಡಿ ಬಿಟ್ಟಿದ್ದಲ್ಲ, ಟ್ಯೂಷನ್ ಇದೆ ಅಂತ ಒಬ್ಬೊಬ್ಬರೇ ಬಿಟ್ರು. ನನ್ನ ಮಗಳು ಈಗ ಏಳನೇ ಕ್ಲಾಸು, ಹೋದ ತಿಂಗಳಿಂದ ಅವಳೂ ಶನಿವಾರ ಬೆಳಗ್ಗೆ ಮಾತ್ರ ಹೋಗೋಣಮ್ಮ ಅಂತಿದಾಳೆ, ಕಾರಣ ಕೇಳಿದ್ರೆ ಸಂಜೆ ಬಿಸಿಲು ಅಂತಾಳೆ, ಸಂಜೆ ಎಲ್ಲಿಂದ ಬಂತು ಬಿಸಿಲು. ಮೇಲಿಂದ ನಾಲ್ಕು ಲೈಟಲ್ಲಿ ಎರಡು ಉರಿಯಲ್ಲ, ಉರಿಯದೇ ಇರೋದು ಸರಿಯಾಗಿ ಆ ಬೆಂಚ್ ಕಡೇದೇ. ಟಾಯ್ಲೆಟ್ಟಿಗೆ ಬೀಗ, ಅದರ ಕೀನೂ ತಾತನ ಹತ್ರ. ರಿಂಕು ಸೇಫಾ ಅಂತ ಕೇಳೋವಾಗ ನಾವು ಹೆಲ್ಮೆಟ್ಟು ನೆಲ ಅಂತ ಮಾತ್ರ ಮಾತಾಡ್ತೀವಿ, ಹದಿಮೂರು ವರ್ಷದ ಹುಡುಗಿಗೆ ಆ ಲೈಟೂ ಟಾಯ್ಲೆಟ್ಟೂ ಹೆಲ್ಮೆಟ್ಟಷ್ಟೇ ಮುಖ್ಯ.

ಎರಡನೇ ಥರದ ಹುಡುಗರ ಬಗ್ಗೆ ಮಾತ್ರ ಹಿರಿಯರು ಅನ್ಯಾಯ ಮಾಡಿದಾರೆ ಅಂತ ನನಗನ್ಸತ್ತೆ. ಇವರು ಸ್ಕೇಟಿಂಗ್ ಹುಡುಗರೇ, ಕೂದಲಿಗೆ ಬಣ್ಣ, ಹರಿದ ಜೀನ್ಸು, ನೋಡಕ್ಕೆ ಅದೇ ಥರ ಕಾಣ್ತಾರೆ ನಿಜ. ಮೊನ್ನೆ ತಂಗಿ ಮಗನ ಸ್ಕೇಟಿನ ಒಂದು ವೀಲು ತಿರುಗ್ತಾನೇ ಇರಲಿಲ್ಲ, ಅವನು ಒಂದು ಕಾಲು ಎಳ್ಕೊಂಡು ಎಳ್ಕೊಂಡು ಸುತ್ತುತಿದ್ದ. ಕೆಂಚು ಕೂದಲಿನ ಒಬ್ಬ ಹುಡುಗ ಕರೆದು ಕೂರಿಸ್ಕೊಂಡು, ಬ್ಯಾಗಿಂದ ಪಾನಾ ತೆಗೆದು ನಟ್ ಬಿಚ್ಚಿ, ವೀಲಿನ ಎರಡೂ ಕಡೆಯ ಬೇರಿಂಗ್ ಹೊರಗೆ ತೆಗೆದ. ಒಂದರೊಳಗೆ ಉದ್ದ ಕೂದಲು ಸುತ್ಕೊಂಡಿತ್ತು, ಮಣ್ಣು ಎಣ್ಣೆ ಸೇರಿ ಕಪ್ಪು ಮುದ್ದೆ. ಉಗುರಲ್ಲಿ ಎಳೆಎಳೆಯಾಗಿ ಬಿಡಿಸಿ, ಬಟ್ಟೇಲಿ ಒರೆಸಿ, ತನ್ನ ಹತ್ರ ಇದ್ದ ಎಣ್ಣೆ ಒಂದು ತೊಟ್ಟು ಹಾಕಿ, ಬೆರಳ ಮೇಲೆ ಇಟ್ಟು ತಿರುಗಿಸಿ ತೋರಿಸಿದ. ಒಂದು ಜೊತೆಗೆ ಹದಿನಾರು ಬೇರಿಂಗ್ ಇರತ್ತೆ ಆಂಟಿ, ಎಲ್ಲಾ 608 ಸೈಜು, ಫ್ಯಾನ್ಸಿ ಅಂಗಡೀಲಿ ದುಡ್ಡು ಕೊಡಬೇಡಿ, ಬೇರಿಂಗ್ ಅಂಗಡೀಲೇ ಸಿಗತ್ತೆ ಅಂದ. ನಟ್ ತೀರಾ ಬಿಗಿ ಮಾಡಿದ್ರೆ ವೀಲು ಹಿಡ್ಕೊಳ್ಳತ್ತೆ, ಲೂಸ್ ಬಿಟ್ರೆ ಕಳಚ್ಕೊಂಡು ಹೋಗತ್ತೆ ಅಂತ ಮಗುವಿಗೂ ಹೇಳ್ಕೊಟ್ಟ. ಆ ಹುಡುಗ ಯಾವ ಬ್ಯಾಚಿಗೂ ಸೇರಿಲ್ಲ, ಫೀಸ್ ಕಟ್ಟಕ್ಕಾಗಲ್ಲ ಅಂತ ಅವನೇ ಹೇಳಿದ್ದು, ವಿಡಿಯೋ ನೋಡಿ ಕಲಿತಿದಾನೆ, ಹಿಂದಕ್ಕೆ ಹೋಗೋದು ಅವನ ಥರ ಯಾವ ಮೆಡಲ್ ಹುಡುಗನೂ ಹೋಗಲ್ಲ. ರಿಂಕ್ ಮುಚ್ಚಿದ್ರೆ ಫೀಸ್ ಕಟ್ಟೋರು ಕಾರಲ್ಲಿ ಬೇರೆ ರಿಂಕಿಗೆ ಹೋಗ್ತಾರೆ, ಇವನು ಮೇನ್ ರೋಡಿಗೆ ಹೋಗ್ತಾನೆ, ಬಸ್ ಹಿಂದೆ ಹಿಡ್ಕೊಂಡು. ಅದನ್ನೂ ನೋಡಿದೀನಿ.

ಅಪ್ಪ ಅಮ್ಮಂದಿರ ಬಗ್ಗೆ ಬರೀದೇ ಇದ್ರೆ ಪತ್ರ ಅರ್ಧ ಆಗತ್ತೆ, ನಾನೂ ಅವರಲ್ಲೇ ಒಬ್ಬಳು ಅನ್ಕೊಳ್ಳಿ. ಸ್ಕೇಟ್ಸಿಗೆ ಸಾವಿರಗಟ್ಟಲೆ ಸುರೀತಾರೆ, ಹೆಲ್ಮೆಟ್ಟು ಸೆಟ್ಟಲ್ಲಿ ಫ್ರೀ ಬಂದಿದ್ದು, ಗದ್ದದ ಕೆಳಗೆ ಪಟ್ಟಿ ಎರಡು ಬೆರಳಲ್ಲ ಇಡೀ ಕೈ ತೂರೋವಷ್ಟು ಲೂಸು. ಸೈಕಲ್, ಸ್ಕೇಟಿಂಗ್ ಎರಡಕ್ಕೂ ಆಗೋ ಹೆಲ್ಮೆಟ್ಟಿಗೆ ಇಎನ್ 1078 ಅಂತ ಯುರೋಪಿನ ಒಂದು ಸ್ಟ್ಯಾಂಡರ್ಡ್ ಇದೆ, ಒಳಗೆ ಲೇಬಲ್ ಇರತ್ತೆ, ಅದು ನೋಡಿ ತಗೊಂಡ್ರೆ ಸಾಕು. ಸ್ಕೇಟ್ಸು ಮುಂದಿನ ವರ್ಷಕ್ಕೂ ಆಗ್ಲಿ ಅಂತ ಎರಡು ಸೈಜ್ ದೊಡ್ಡದು ತಗೊಂಡು ಒಳಗೆ ಎರಡು ಜೊತೆ ಸಾಕ್ಸ್ ಹಾಕ್ಸ್ತಾರೆ, ಶಾಲೆ ಶೂ ಥರ, ಕಾಲು ಒಳಗೇ ಹೊರಳತ್ತೆ. ಮೊಣಕಾಲಿಗೆ ಮೊಣಕೈಗೆ ಪ್ಯಾಡ್ ಹಾಕ್ಸ್ತಾರೆ, ಮಣಿಕಟ್ಟಿಗೆ ಗಾರ್ಡ್ ಮಾತ್ರ ಹಾಕ್ಸಲ್ಲ, ನೀರಿನ ಬಾಟ್ಲು ಹಿಡ್ಕೊಳ್ಳಕ್ಕಾಗಲ್ಲ ಅಂತ ಮಗು ಅಳತ್ತೆ ಅಂತ. ಅಮೆರಿಕದಲ್ಲಿ ಇನ್‌ಲೈನ್ ಸ್ಕೇಟಿಂಗ್ ಗಾಯಗಳ ಬಗ್ಗೆ 1996ರಲ್ಲೇ ದೊಡ್ಡ ಮೆಡಿಕಲ್ ಜರ್ನಲ್ ಒಂದರಲ್ಲಿ ಅಧ್ಯಯನ ಬಂದಿತ್ತು, ಮಣಿಕಟ್ಟಿನ ಗಾರ್ಡ್ ಹಾಕ್ಕೊಳ್ಳದೇ ಇರೋರಿಗೆ ಅಲ್ಲಿ ಪೆಟ್ಟಾಗೋ ಅಪಾಯ ಹಾಕ್ಕೊಂಡೋರಿಗಿಂತ ಹತ್ತು ಪಟ್ಟು ಜಾಸ್ತಿ ಅಂತ ಸಿಕ್ಕಿತ್ತು. ಇದು ನಮ್ಮ ಡಾಕ್ಟ್ರು ಪೇಷೆಂಟುಗಳಿಗೆ ಹೇಳೋದು ಕೇಳಿ ಕೇಳಿ ನನಗೆ ಬಾಯಿಪಾಠ ಆಗಿದೆ. ಮತ್ತೆ ಕಂಬಿ ಹೊರಗೆ ನಿಂತು ಫಾಸ್ಟ್ ಹೋಗೋ, ಅವನನ್ನ ಓವರ್‌ಟೇಕ್ ಮಾಡೋ ಅಂತ ಕಿರುಚೋ ಅಪ್ಪಂದಿರು, ಅವರಿಗೂ ಒಂದು ವಿಷಲ್ ಊದಬೇಕು.

ಕೋಚ್‌ಗಳನ್ನ ದೂರಕ್ಕೆ ನನಗೆ ಮನಸ್ಸಿಲ್ಲ, ಒಳ್ಳೆಯ ಕೋಚ್ ಬಂದ ಮೊದಲ ದಿನ ಓಡಿಸಲ್ಲ, ಬೀಳಿಸ್ತಾರೆ. ಮೊಣಕಾಲು ಬಗ್ಗಿಸಿ, ಪ್ಯಾಡ್ ಮೇಲೆ ಬಿದ್ದು, ಬೆರಳು ಮುಷ್ಟಿ ಮಾಡ್ಕೋ, ಇಲ್ಲಾಂದ್ರೆ ಹಿಂದಿನವನ ವೀಲು ಬೆರಳ ಮೇಲೆ ಹೋಗತ್ತೆ ಅಂತ ಹೇಳ್ಕೊಡ್ತಾರೆ. ನಮ್ಮ ರಾಜ್ಯದಲ್ಲಿ ಸ್ಕೇಟಿಂಗ್ ಅಂದ್ರೆ ಸುಮ್ನೆ ಅಲ್ಲ, ಬೆಳಗಾವಿ ಬೆಂಗಳೂರಿನ ಮಕ್ಕಳು ಸಾಲಾಗಿ ನಿಲ್ಸಿದ ಕಾರುಗಳ ಕೆಳಗೆ ಮೈ ಚಪ್ಪಟೆ ಮಾಡ್ಕೊಂಡು ನುಸುಳಿ ದಾಖಲೆ ಮಾಡಿದೋರು. ಆದ್ರೆ ಪಾರ್ಕ್ ರಿಂಕು ಪಬ್ಲಿಕ್ಕಿಂದು, ಪಾಲಿಕೆ ದುಡ್ಡಲ್ಲಿ ಕಟ್ಟಿದ್ದು. ಬ್ಯಾಚಿನವರು ಸಂಜೆ ಪೂರ್ತಿ ಕೋನ್ ಇಟ್ಕೊಂಡು, ಬೇರೆ ಮಕ್ಕಳು ಬಂದ್ರೆ ಪ್ರಾಕ್ಟೀಸ್ ನಡೀತಿದೆ ಆಮೇಲೆ ಬನ್ನಿ ಅನ್ನೋದು ಸರಿಯಲ್ಲ. ಆಮೇಲೆ ಅಂದ್ರೆ ಕತ್ತಲು.

ಹಾಗಾಗಿ ಸಂಬಂಧಪಟ್ಟೋರಲ್ಲಿ ಕೇಳ್ಕೊಳ್ಳೋದು ಇಷ್ಟೇ. ಟೈಮ್ ಹಂಚಿ. ಬೆಳಗ್ಗೆ ಮತ್ತೆ ಸಂಜೆ ಐದರಿಂದ ಆರು ಬ್ಯಾಚು, ಆರರಿಂದ ಏಳು ಬರೀ ಚಿಕ್ಕ ಮಕ್ಕಳು ಮತ್ತೆ ಕಲಿಯೋರು, ಏಳರಿಂದ ಎಂಟು ಸ್ಪೀಡ್ ಹುಡುಗರು, ಭಾನುವಾರ ಬೆಳಗ್ಗೆ ಪೂರ್ತಿ ಪಬ್ಲಿಕ್ಕಿಗೆ. ಪಬ್ಲಿಕ್ ಟೈಮಲ್ಲಿ ನೆಲದ ಮೇಲೆ ವಿಷಲ್ ಹಿಡಿದ ಒಬ್ಬರು ಇರಲೇಬೇಕು. ವಾಚ್‌ಮನ್ ತಾತನಿಗೆ ಹೇಳಬೇಡಿ, ಅವರಿಗೆ ಮಂಡಿ ನೋವು. ಆ ಕೆಂಚು ಕೂದಲಿನ ಹುಡುಗನಂಥೋರು ಅಲ್ಲೇ ಇದಾರಲ್ಲ, ಸ್ಕೇಟಿಂಗ್ ಬರತ್ತೆ, ಮಕ್ಕಳಿಗೆ ಅವರು ಅಂದ್ರೆ ಇಷ್ಟ, ದಿನಕ್ಕೆ ಎರಡು ಗಂಟೆ ಕೆಲಸಕ್ಕೆ ತಿಂಗಳಿಗೆ ಏನಾದ್ರೂ ಕೊಟ್ಟು ಒಂದು ಜಾಕೆಟ್ ಹಾಕ್ಸಿ ನಿಲ್ಸಿ. ಬ್ಯಾಚ್ ನಡೆಸೋ ಸರ್‌ಗಳು ಜಾಗ ಬಳಸ್ಕೊಳ್ಳೋದಕ್ಕೆ ಬದಲಿಗೆ ಇಂಥವರಿಬ್ಬರಿಗೆ ಫ್ರೀ ಕೋಚಿಂಗ್ ಕೊಡ್ಲಿ, ಬಿದ್ದ ಮಗೂನ ಹೇಗೆ ಎತ್ತಬೇಕು ಅನ್ನೋದು ಕಲಿಸ್ಲಿ. ರಿಂಕ್ ಕಡೆ ಗೇಟಿನ ಕೀ ಆ ವಿಷಲ್ ಇರೋರ ಹತ್ರ ಇರ್ಲಿ. ಬೆಂಚ್ ಕಡೆ ಲೈಟು ರಿಪೇರಿ ಆಗ್ಲಿ. ವಿಡಿಯೋ ಮಾಡೋರಿಗೆ ಯಾರ ಮಗೂನ ಮಾಡ್ತಿದೀಯ ಅಂತ ಕೇಳೋ ಅಧಿಕಾರ ಆ ಜಾಕೆಟ್ಟಿಗೆ ಇರ್ಲಿ, ಮೀರಿದ್ರೆ 112ಗೆ ಫೋನ್ ಮಾಡ್ಲಿ.

ಪತ್ರ ಬರೆದ ಹಿರಿಯರಿಗೂ ಒಂದು ಮಾತು: ಸರ್, ನಿಮ್ಮ ಮನೆ ರಿಂಕಿಗೆ ಎದುರೇ ಇದೆ, ಸ್ಪೀಕರ್ ಸದ್ದು ನಿಮಗೆ ಎಷ್ಟು ಕಿರಿಕಿರಿ ಅಂತ ನನಗೆ ಅರ್ಥ ಆಗತ್ತೆ, ಅದನ್ನ ನಿಲ್ಸಕ್ಕೆ ನಾನೂ ಸಹಿ ಹಾಕ್ತೀನಿ. ಪಾರ್ಕಿಂಗ್ ಮಾಡಿದ್ರೆ ರಾತ್ರಿ ಹನ್ನೊಂದಕ್ಕೂ ಕಾರ್ ಹಾರನ್ನು ಕೇಳತ್ತೆ, ಅದೂ ಯೋಚನೆ ಮಾಡಿ. ಬರೋ ಭಾನುವಾರ ಬೆಳಗ್ಗೆ ನಾವು ಕೆಲವರು ಅಪ್ಪ ಅಮ್ಮಂದಿರು ಸೇರಿ ಮನವಿ ಬರೆದು ವಾರ್ಡ್ ಇಂಜಿನಿಯರಿಗೆ ಕೊಡೋಣ ಅಂತಿದೀವಿ, ನೀವೂ ಬನ್ನಿ, ನಿಮ್ಮ ದೂರನ್ನೂ ಅದರಲ್ಲೇ ಸೇರಿಸೋಣ.

ಇನ್ನೊಂದು ಅರ್ಜೆಂಟ್ ವಿಷಯ. ಗಣೇಶ ಹಬ್ಬ ಹತ್ರ ಬಂತು, ಮತ್ತೆ ಶಾಮಿಯಾನ ಹಾಕ್ತಾರೆ, ಬೇಡ ಅನ್ನಲ್ಲ, ನಮ್ಮ ಮಕ್ಕಳೂ ಡ್ಯಾನ್ಸ್ ಮಾಡೋದು ಅಲ್ಲೇ. ಕಮಿಟಿಯವರಲ್ಲಿ ಕೈ ಮುಗಿದು ಕೇಳ್ಕೊಳ್ಳೋದು, ಈ ಸಲ ನೆಲಕ್ಕೆ ಗೂಟ ಹೊಡೀಬೇಡಿ, ಡ್ರಮ್ಮಿಗೆ ಮರಳು ತುಂಬಿ ಅದಕ್ಕೆ ಕಂಬ ನಿಲ್ಸಿ ಹಗ್ಗ ಕಟ್ಟಕ್ಕಾಗತ್ತೆ, ಶಾಮಿಯಾನದವರಿಗೆ ಗೊತ್ತಿದೆ, ಡ್ರಮ್ ಬಾಡಿಗೆ ಜಾಸ್ತಿ ಅಂತ ಅವರು ಗೊಣಗಬಹುದು, ಆ ಹೆಚ್ಚಿನ ಬಾಡಿಗೆ ಎಷ್ಟಾಗತ್ತೋ ಹೇಳಿ, ರಿಂಕಿನ ಅಪ್ಪ ಅಮ್ಮಂದಿರು ಚಂದಾ ಎತ್ತಿ ಕೊಡ್ತೀವಿ.

ಇಂತಿ ನಿಮ್ಮ ಓದುಗರಲ್ಲಿ ಒಬ್ಬಳು,
ಏಳನೇ ಕ್ಲಾಸ್ ಹುಡುಗಿಯ ಅಮ್ಮ
(ದಯವಿಟ್ಟು ಹೆಸರು ಹಾಕಬೇಡಿ)